ವಸಂತಕಾಲದಲ್ಲಿ ಗುಲಾಬಿಯ ಆರೈಕೆ

ವಸಂತವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಮಾವಿನ ಚಿಗುರು, ಮಲ್ಲಿಗೆಯ ಮೊಗ್ಗು, ಕೋಗಿಲೆಯ ಧ್ವನಿ. ಪಂಪನಿಂದ ಮೊದಲುಗೊಂಡು ನಮ್ಮ ಹಿಂದಿನ ಕವಿಗಳು ವರ್ಣಿಸಿರುವ ವಸಂತದಲ್ಲಿ ಇವುಗಳಿಗೆ ಅಗ್ರಸ್ಥಾನವುಂಟು, ಗುಲಾಬಿಗೆ ಸ್ಥಾನವಿಲ್ಲ. ಅದು ನಮ್ಮ ತೋಟಗಳಿಗೆ ತಡವಾಗಿ ಬಂದ ಅತಿಥಿ. ಅದರ ಹೆಸರೇ ಪಾರಸೀ ಭಾಷೆಯಿಂದ ಬಂದುದು. ‘ಗುಲ್’ ಎಂದರೆ ಹೂವು, ‘ಆಬ್’ ಎಂದರೆ ನೀರು. ಹೂವಿನ ನೀರಿಗೆ, ಎಂದರೆ ಪನ್ನೀರಿಗೆ, ಇದ್ದ ಹೆಸರು ಕ್ರಮೇಣ ಹೂವಿಗೇ ಅಂಟಿಕೊಂಡಿತು. ಹೀಗೆ ಹೊರಗಿನಿಂದ ಬಂದ ಅತಿಥಿಯಾದರೂ ಈಗ ಅದು ಮನೆಯವರಲ್ಲಿ ಒಬ್ಬರಂತೆ ಆಗಿಹೋಗಿದೆ. ಬೆಂಗಳೂರು ಮೈಸೂರುಗಳಲ್ಲಿ ಮನೆಯ ಮುಂದೆ ನಾಲ್ಕು ಮೊಳ ನೆಲವಿದ್ದರೆ ಅಲ್ಲಿ ಒಂದು ಗುಲಾಬಿಯ ಗಿಡವಿರಬೇಕೆಂಬುದು ಗೃಹಸ್ಥರ ಆಸೆ. ನೆಲವಿಲ್ಲದವರು ಮಹಡಿಯ ಮೇಲೆ ಕುಂಡಗಳಲ್ಲಿಯಾದರೂ ಅದನ್ನು ಬೆಳೆಸಿ ಸಂತೋಷಪಡುತ್ತಾರೆ.

ಆದರೆ ಈ ಸಂತೋಷ ಅನೇಕ ಮನೆಗಳಲ್ಲಿ ಅಲ್ಪಾಯುವಾದುದು. ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ನೋಡಿಕೊಂಡು ಹಿಂದಿರುಗುವವರು ಎರಡು ಮೂರು ಗಿಡಗಳನ್ನು ಕೊಂಡುತರುತ್ತಾರೆ. ಫೆಬ್ರವರಿಯಲ್ಲಿ ಅವು ಚೆನ್ನಾಗಿ ಹೂ ಬಿಡುತ್ತವೆ. ಯುಗಾದಿಯ ಹೊತ್ತಿಗೆ ಹೂ ಕಿರಿದಾಗಿ, ಬಣ್ಣ ಮಾಸಿ, ಎಲೆ ಉದುರತೊಡಗುತ್ತದೆ. ಮೇ ತಿಂಗಳಿಗೆ ಕುಂಡದಲ್ಲಿ ಉಳಿಯುವುದು ಮುಳ್ಳಿನ ಕಡ್ಡಿ. ಆಗ ಮನೆಯವರು, “ನಮ್ಮ ಕೈಗುಣ ಸರಿಯಿಲ್ಲ, ನಮಗೆ ಗುಲಾಬಿ ಹತ್ತುವುದಿಲ್ಲ” ಎಂದು ನಿಟ್ಟುಸಿರುಬಿಟ್ಟು ಕುಂಡದಲ್ಲಿ ತುಳಸಿಯನ್ನೋ ದೊಡ್ಡಪತ್ರೆಯನ್ನೋ ನೆಡುತ್ತಾರೆ. ಕೈಗುಣವೆಂಬುದು ಇಲ್ಲವೆಂದು ನಾವು ವಾದಿಸುವುದಿಲ್ಲ. ಆದರೆ ಹೀಗೆ ಸಾಯುವ ಗಿಡಗಳಲ್ಲಿ ಬಹುಪಾಲು ಕೈಗುಣದಿಂದ ಸತ್ತುವಲ್ಲ. ಪಂಚಾಂಗದ ತಪ್ಪಿನಿಂದ ಸತ್ತುವು. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುವುದೇ ಈ ಭಾಷಣದ ಉದ್ದೇಶ.

ಗುಲಾಬಿಯ ವಿಷಯವಾಗಿ ಓದಬೇಕೆಂದವರ ಕೈಗೆ ಮೊದಲು ಸಿಕ್ಕುವುದು ಸಾಮಾನ್ಯವಾಗಿ ಇಂಗ್ಲಿಷ್ ಪುಸ್ತಕ. ಅದರಲ್ಲಿ ವಸಂತಕಾಲದ ಅಧ್ಯಾಯವೊಂದು ತಪ್ಪದೆ ಇರುತ್ತದೆ. ಮಾರ್ಚಿಯಲ್ಲಿ ಗಿಡವನ್ನು ಗಟ್ಟಿಯಾಗಿ ಸವರಿರಿ, ಗೊಬ್ಬರ ಹಾಕಿರಿ, ಹೊಸ ಗಿಡಗಳು ಬೇರೂರುವಂತೆ ನೋಡಿಕೊಳ್ಳಿರಿ ಎಂದು ಅದು ಉಪದೇಶಿಸುತ್ತದೆ. ಆ ದೇಶಕ್ಕೆ ಅದು ಸರಿಯಾದ ಉಪದೇಶವೇ. ಅಲ್ಲಿ ಚಳಿಗಾಲದಲ್ಲಿ ಗುಲಾಬಿ ಎಲೆಗಳನ್ನು ಕಳಚಿ ನಿದ್ರಿಸುತ್ತದೆ. ಹಿಮ ಸರಿದು ಬಿಸಿಲು ಕಾಣಿಸಿಕೊಂಡಾಗ ಕಣ್ಣುಗಳು ಉಬ್ಬುತ್ತವೆ. ಆಗ ಸವರಿದರೆ ಜೂನ್ ತಿಂಗಳಿಗೆ ಗಿಡವೆಲ್ಲ ಹೂವಾಗುತ್ತದೆ. ಅಲ್ಲಿ ವಸಂತವೆಂದರೆ ಗಿಡವು ನಿದ್ರೆಯಿಂದ ಏಳುವ ಪ್ರಾತಃಕಾಲ.

ನಮ್ಮ ಮೈದಾನಸೀಮೆಯಲ್ಲಿ ಸಂಗತಿಯೇ ಬೇರೆ. ಇಲ್ಲಿ ಮಳೆಗಾಲ ಹಿಂದೆಗೆಯುವ ಅಕ್ಟೋಬರಿನಲ್ಲಿ ಗಿಡವನ್ನು ಸವರುತ್ತೇವೆ. ಅಲ್ಲಿಂದ ಆರೇಳು ವಾರಗಳಿಗೆ ಹೂ ಕಾಣಿಸಿಕೊಳ್ಳುತ್ತದೆ. ಡಿಸೆಂಬರ್, ಜನವರಿ, ಫೆಬ್ರವರಿಗಳ ತಂಪಿನಲ್ಲಿ ಹೂವು ತನ್ನ ಪೂರ್ಣ ಗಾತ್ರವನ್ನೂ ಬಣ್ಣವನ್ನೂ ಪಡೆಯುತ್ತದೆ. ಚೈತ್ರಮಾಸ ಬರುವಷ್ಟರಲ್ಲಿ ಗಿಡವು ನಾಲ್ಕು ತಿಂಗಳು ಎಡೆಬಿಡದೆ ದುಡಿದಿರುತ್ತದೆ. ಬೆಂಗಳೂರಿನಲ್ಲಿ ಮಾರ್ಚಿ ಏಪ್ರಿಲುಗಳ ಮಧ್ಯಾಹ್ನದ ಬಿಸಿಲು ೩೩, ೩೪ ಡಿಗ್ರಿಗಳಿಗೆ ಏರುವುದು ಸಾಮಾನ್ಯ; ಬಳ್ಳಾರಿ, ರಾಯಚೂರು, ಕಲಬುರಗಿಗಳಲ್ಲಿ ಅದಕ್ಕಿಂತ ಬಹಳ ಹೆಚ್ಚು. ಆದುದರಿಂದ ಇಂಗ್ಲೆಂಡಿನ ಗುಲಾಬಿಗೆ ಯಾವುದು ಬೆಳಗೋ ನಮ್ಮ ಗುಲಾಬಿಗೆ ಅದೇ ಸುಡುಮಧ್ಯಾಹ್ನ. ಈ ಹೊತ್ತಿನಲ್ಲಿ ಅದಕ್ಕೆ ಬೇಕಾದುದು ಎಚ್ಚರಿಸುವವರಲ್ಲ. ನೆರಳನ್ನೂ ನೀರನ್ನೂ ಕೊಟ್ಟು ಬಿಸಿಲನ್ನು ದಾಟಿಸುವವರು.

ಈ ವ್ಯತ್ಯಾಸವನ್ನು ಅರಿಯಲು ಸಮುದ್ರವನ್ನು ದಾಟಬೇಕಾಗಿಲ್ಲ. ಮೈಸೂರಿನಿಂದ ಉದಕಮಂಡಲಕ್ಕೆ ಸುಮಾರು ೧೨೫ ಕಿಲೋಮೀಟರುಗಳ ದಾರಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು ೨,೫೦೦ ಅಡಿ ಎತ್ತರದಲ್ಲಿದ್ದರೆ ಉದಕಮಂಡಲವು ೭,೦೦೦ ಅಡಿಗೂ ಮೇಲಿದೆ. ಚಳಿಗಾಲದ ರಾತ್ರಿಗಳಲ್ಲಿ ಅಲ್ಲಿ ಹಿಮ ಬೀಳುವುದುಂಟು. ೧೯೯೫ರಲ್ಲಿ ಅಲ್ಲಿ ಸ್ಥಾಪಿತವಾದ ಸರ್ಕಾರಿ ಗುಲಾಬಿ ತೋಟದಲ್ಲಿ ಚಳಿ ಕಳೆಯುತ್ತಿರುವಾಗ ಗಿಡಗಳನ್ನು ಸವರಿ ಬೇಸಗೆಗೆ ಹೂ ತರುತ್ತಾರೆ. ಮೇ ತಿಂಗಳಿನಲ್ಲಿ ಅದನ್ನು ನೋಡಿ ಬಂದವರು ತಮ್ಮ ಮನೆಯ ಗಿಡವೂ ಹಾಗೆಯೇ ಇರಬೇಕೆಂದು ಬಯಸುವುದು ಸಹಜ. ಆದರೆ ಗುಲಾಬಿಗೆ ತಿಂಗಳ ಹೆಸರು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಶೀತೋಷ್ಣಗಳು ಮಾತ್ರ.

ಹಾಗಾದರೆ ಚಳಿಯ ನಿದ್ರೆಯಿಲ್ಲದೆ ಈ ಗಿಡ ನಮ್ಮಲ್ಲಿ ಬಾಳುವುದಾದರೂ ಹೇಗೆ ಎಂದು ಕೇಳಬಹುದು. ಇದಕ್ಕೆ ಉತ್ತರ ಗುಲಾಬಿಯ ವಂಶಾವಳಿಯಲ್ಲಿದೆ. ಹದಿನೆಂಟನೆಯ ಶತಮಾನದ ಕೊನೆಯವರೆಗೆ ಯೂರೋಪಿನ ಗುಲಾಬಿಗಳಲ್ಲಿ ಬಹುಪಾಲು ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತಿದ್ದುವು. ಸುಮಾರು ೧೭೯೨ರಿಂದ ೧೮೨೪ರವರೆಗಿನ ಅವಧಿಯಲ್ಲಿ ಚೀನಾ ದೇಶದ ನಾಲ್ಕು ಗುಲಾಬಿಗಳು ಇಂಗ್ಲೆಂಡನ್ನು ಮುಟ್ಟಿದುವು. ವರ್ಷದ ಉದ್ದಕ್ಕೂ ಚಿಗುರಿ ಚಿಗುರಿ ಹೂ ಬಿಡುವುದು ಇವುಗಳ ಸ್ವಭಾವ. ಇವನ್ನು ಅಲ್ಲಿಯ ಗುಲಾಬಿಗಳೊಡನೆ ಬೆರಸಿದುದರಿಂದ ಹೊಸ ಸಂತಾನವೇ ಹುಟ್ಟಿತು. ೧೮೬೭ರಲ್ಲಿ ಫ್ರಾನ್ಸಿನ ಗಿಯೋ ಎಂಬವರು ಹೊರತಂದ ‘ಲಾ ಫ್ರಾನ್ಸ್’ ಎಂಬ ಹೂವನ್ನು ಇಂದಿನ ‘ಹೈಬ್ರಿಡ್ ಟೀ’ ಜಾತಿಯ ಮೊದಲ ಗುಲಾಬಿಯೆಂದು ಎಣಿಸುವುದು ವಾಡಿಕೆ. ಉದ್ದನೆಯ ದೇಟಿನ ಮೇಲೆ ಒಂದೊಂದೇ ದೊಡ್ಡ ಹೂ ಬಿಡುವ ನಮ್ಮ ತೋಟಗಳ ಗುಲಾಬಿಗಳು ಈ ವಂಶದವು. ಅವುಗಳ ಮೈಯಲ್ಲಿ ಚೀನಾದ ಬೆಚ್ಚನೆಯ ಸೀಮೆಗಳ ರಕ್ತವಿರುವುದರಿಂದಲೇ ನಿದ್ರೆಯಿಲ್ಲದ ನಮ್ಮ ನೆಲದಲ್ಲಿಯೂ ಅವು ಒಗ್ಗಿಕೊಂಡುವು. ನಮ್ಮ ದೇಶದಲ್ಲಿಯೂ ಇದಕ್ಕಾಗಿ ದುಡಿದ ಮಹನೀಯರುಂಟು. ಗೋಧಿಯ ತಳಿಗಳಿಂದ ಪ್ರಸಿದ್ಧರಾದ ಡಾಕ್ಟರ್ ಬಿ. ಪಿ. ಪಾಲ್ ಅವರು ಅನೇಕ ಗುಲಾಬಿಗಳನ್ನು ಸೃಷ್ಟಿಸಿದುದಲ್ಲದೆ, ೧೯೬೬ರಲ್ಲಿ ಭಾರತದ ಗುಲಾಬಿಯನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದರು. ಕೊಡೈಕನಾಲಿನ ಎಂ. ಎಸ್. ವೀರರಾಘವನ್ ಅವರು ಭಾರತದ ಕಾಡುಗುಲಾಬಿಗಳನ್ನು ಬೆರಸಿ ಬಿಸಿಲುಸೀಮೆಗೆ ಹೊಂದುವ ತಳಿಗಳನ್ನು ಹುಟ್ಟಿಸಿದ್ದಾರೆ. ಚಳಿದೇಶದ ಗಿಡವನ್ನು ಬಲವಂತದಿಂದ ಇಲ್ಲಿ ನಿಲ್ಲಿಸುವುದಕ್ಕಿಂತ ಬಿಸಿಲನ್ನು ತಾಳುವ ಗಿಡವನ್ನೇ ಹುಟ್ಟಿಸುವುದು ಮೇಲೆಂಬುದು ಅವರ ಕೆಲಸದ ಹಿಂದಿರುವ ತತ್ತ್ವ.

ಇನ್ನು ಆರೈಕೆಯ ವಿಷಯಕ್ಕೆ ಬರೋಣ. ಮೊದಲನೆಯದು ಕತ್ತರಿಯ ಮಾತು. ವಸಂತದಲ್ಲಿ ಗಿಡವನ್ನು ಗಟ್ಟಿಯಾಗಿ ಸವರಲೇಬಾರದು. ಎಲೆಯು ಗಿಡದ ಅಡಿಗೆಯ ಮನೆ. ಬೇಸಗೆಯಲ್ಲಿ ಅದೇ ಗಿಡಕ್ಕೆ ಕೊಡೆಯೂ ಹೌದು. ಎಲೆಗಳನ್ನು ಕಳೆದುಕೊಂಡ ಕಾಂಡದ ಮೇಲೆ ಬಿಸಿಲು ನೇರವಾಗಿ ಬಿದ್ದರೆ ತೊಗಟೆ ಸುಟ್ಟು ಬಿರುಕುಬಿಡುತ್ತದೆ. ಈಗ ಮಾಡಬೇಕಾದುದು ಇಷ್ಟೆ: ಬಾಡಿದ ಹೂವನ್ನು ಅದರ ಕೆಳಗಣ ಐದೆಲೆಯ ಗರಿಯವರೆಗೆ ಇಳಿದು, ಹೊರಮುಖವಾದ ಕಣ್ಣಿನ ಮೇಲೆ ಕಾಲಂಗುಲ ಬಿಟ್ಟು ಕತ್ತರಿಸುವುದು, ಒಣಗಿದ ಕಡ್ಡಿಗಳನ್ನು ತೆಗೆಯುವುದು. ಏಪ್ರಿಲಿನಲ್ಲಿ ಬಡಕಲಾದ ಗಿಡವು ಮೊಗ್ಗು ಬಿಟ್ಟರೆ ಅದನ್ನು ಚಿವುಟಿಬಿಡುವುದು ಒಳ್ಳೆಯದು. ಮನಸ್ಸಿಗೆ ಇದು ಕಷ್ಟವೆಂದು ತೋರಿದರೂ ಆ ಚಿಕ್ಕ ಹೂವಿಗೆ ವ್ಯಯವಾಗುವ ಸಾರ ಬೇರಿನಲ್ಲಿ ಉಳಿಯುತ್ತದೆ.

ಕೊನೆಯಿಂದ ಕೆಳಮುಖವಾಗಿ ಕಪ್ಪಾಗಿ ಒಣಗುತ್ತ ಬರುವ ರೆಂಬೆಯನ್ನು ಮಾತ್ರ ಯಾವ ಕಾಲದಲ್ಲಿಯೂ ಉಳಿಸಬಾರದು. ಅದನ್ನು ಒಳತಿರುಳು ಬೆಳ್ಳಗೆ ಕಾಣುವವರೆಗೆ ಇಳಿದು ಕತ್ತರಿಸಿ, ಗಾಯಕ್ಕೆ ಮೈಲುತುತ್ತ ಮತ್ತು ಸುಣ್ಣಗಳಿಂದಾದ ಬೋರ್ಡೋ ಲೇಪವನ್ನು ಹಚ್ಚಬೇಕು. ಮಲೆನಾಡಿನವರಿಗೆ ಇದು ಅಪರಿಚಿತವಲ್ಲ. ಕಳೆದ ಶತಮಾನದ ಆದಿಯಲ್ಲಿ ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆರೋಗಕ್ಕೆ ಬಳಕೆಗೆ ತಂದ ಔಷಧವೇ ಇದು.

ಕಸಿಗಿಡದ ಬುಡದಿಂದ ಏಳುವ ಕಾಡುಚಿಗುರಿನ ಮೇಲೆಯೂ ಕಣ್ಣಿರಬೇಕು. ಕೊಂಡುತಂದ ಗುಲಾಬಿಯಲ್ಲಿ ಸಾಮಾನ್ಯವಾಗಿ ಎರಡು ಗಿಡಗಳಿರುತ್ತವೆ. ಮೇಲೆ ನಾವು ಬಯಸಿದ ತಳಿ, ಕೆಳಗೆ ಅದನ್ನು ಹೊತ್ತಿರುವ ಬೇರುಗಿಡ. ನಮ್ಮ ದಕ್ಷಿಣದಲ್ಲಿ ಎಡ್ವರ್ಡ್ ಗುಲಾಬಿಯನ್ನು ಹೀಗೆ ಬೇರುಗಿಡವಾಗಿ ಬಳಸುವುದುಂಟು. ಮೇಲಿನ ಗಿಡ ಬಿಸಿಲಿಗೆ ಸೊರಗಿದಾಗ ಕೆಳಗಿನದು ಸಮಯ ನೋಡಿ ತಲೆಯೆತ್ತುತ್ತದೆ. ಗರಿಗೆ ಏಳೆಲೆಯಿದ್ದರೆ ಕಾಡುಚಿಗುರು, ಐದೆಲೆಯಿದ್ದರೆ ಒಳ್ಳೆಯ ಚಿಗುರು ಎಂಬ ಸೂತ್ರವನ್ನು ಅನೇಕರು ಬಾಯಿಪಾಠ ಮಾಡಿದ್ದಾರೆ. ಅದನ್ನು ನಂಬುವಂತಿಲ್ಲ, ಒಳ್ಳೆಯ ತಳಿಗಳಲ್ಲಿಯೂ ಏಳೆಲೆ ಬರುವುದುಂಟು. ಚಿಗುರು ಎಲ್ಲಿಂದ ಹುಟ್ಟಿದೆಯೆಂದು ಮಣ್ಣನ್ನು ಸರಿಸಿ ನೋಡಬೇಕು. ಕಸಿಯ ಗಂಟಿನ ಕೆಳಗಿನಿಂದ ಹುಟ್ಟಿದ್ದರೆ ಬುಡಸಹಿತ ಕಿತ್ತುಹಾಕಬೇಕು. ಮೇಲೆ ಮೇಲೆ ಕತ್ತರಿಸಿದರೆ ಒಂದರ ಬದಲು ನಾಲ್ಕು ಏಳುತ್ತವೆ.

ಎರಡನೆಯದು ನೀರು. ದಿನವೂ ಸಂಜೆ ಒಂದು ಚೆಂಬು ನೀರನ್ನು ಗಿಡದ ತಲೆಯ ಮೇಲೆ ಹೊಯ್ದು ಕರ್ತವ್ಯ ಮುಗಿಯಿತೆಂದುಕೊಳ್ಳುವವರು ಬಹಳ. ಈ ನೀರು ಮಣ್ಣಿನ ಮೇಲಣ ಅಂಗುಲವನ್ನು ಮಾತ್ರ ನೆನೆಸುತ್ತದೆ. ಬೇರುಗಳು ಆ ತೇವವನ್ನು ಅರಸಿ ಮೇಲಕ್ಕೆ ಬರುತ್ತವೆ. ಮರುದಿನದ ಬಿಸಿಲಿಗೆ ಸುಟ್ಟುಹೋಗುತ್ತವೆ. ನೆಲದಲ್ಲಿರುವ ಗಿಡಕ್ಕೆ ಅಗಲವಾದ ಪಾತಿ ಮಾಡಿ, ಎರಡು ಮೂರು ದಿನಗಳಿಗೊಮ್ಮೆ ಮುಂಜಾನೆ ನೀರು ಆಳಕ್ಕೆ ಇಳಿಯುವಂತೆ ನಿಧಾನವಾಗಿ ಉಣಿಸಬೇಕು. ಕುಂಡದ ಗಿಡಕ್ಕೆ ದಿನವೂ ಬೇಕು. ತಳದ ತೂತಿನಿಂದ ನೀರು ಇಳಿಯುವವರೆಗೆ ಹಾಕಬೇಕು. ಎಷ್ಟು ಬೇಕೆಂಬುದಕ್ಕೆ ಬೆರಳೇ ಅಳತೆ. ಎರಡಂಗುಲ ಆಳಕ್ಕೆ ಬೆರಳನ್ನು ಇಳಿಸಿ ನೋಡಿದಾಗ ಒದ್ದೆಯಿದ್ದರೆ ಅಂದು ನೀರು ಬೇಡ. ಕೊಳವೆಬಾವಿಯ ಗಡಸು ನೀರನ್ನೇ ಬಹುಕಾಲ ಹಾಕಿದಲ್ಲಿ ಮಣ್ಣು ಕ್ಷಾರವಾಗಿ, ನರಗಳು ಮಾತ್ರ ಹಸುರಾಗಿ ಉಳಿದು ಎಳೆಯ ಎಲೆಗಳು ಹಳದಿಯಾಗುವುದನ್ನು ಕಾಣಬಹುದು. ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಗಿಡವು ಅದನ್ನು ಹೀರಲಾರದೆ ಹೋದುದರ ಗುರುತು ಇದು. ಎಲೆಗೊಬ್ಬರವೂ ಹಿಡಿದಿಟ್ಟ ಮಳೆಯ ನೀರೂ ಇದಕ್ಕೆ ಒಳ್ಳೆಯ ಚಿಕಿತ್ಸೆ.

ನೀರಿನ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ೨೦೨೪ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ನೀರಿನ ಅಭಾವ ತಲೆದೋರಿ, ಕುಡಿಯುವ ನೀರನ್ನು ತೋಟಕ್ಕೆ ಬಳಸಕೂಡದೆಂದು ಜಲಮಂಡಳಿಯು ಆಜ್ಞೆ ಮಾಡಿತು. ತಪ್ಪಿದವರಿಗೆ ೫,೦೦೦ ರೂಪಾಯಿಗಳ ದಂಡವನ್ನೂ ಗೊತ್ತುಮಾಡಿತು. ನೆರೆಮನೆಯವರು ಕೊಡ ಹಿಡಿದು ಕಾದಿರುವಾಗ ನಾವು ಕೊಳಾಯಿಯ ನೀರಿನಿಂದ ಹೂ ಬೆಳೆಸಿದರೆ ಆ ಹೂವಿಗೆ ಸುಗಂಧವಿದ್ದೀತೆ? ಆದರೆ ಗಿಡವನ್ನು ಸಾಯಲು ಬಿಡಬೇಕೆಂದೂ ಇದರ ಅರ್ಥವಲ್ಲ. ಅಕ್ಕಿ ಬೇಳೆಗಳನ್ನು ತೊಳೆದ ನೀರು, ತರಕಾರಿ ತೊಳೆದ ನೀರು ನಾಲ್ಕೈದು ಗಿಡಗಳ ಮನೆಗೆ ಬಹುಮಟ್ಟಿಗೆ ಸಾಕಾಗುತ್ತದೆ. ಸಾಬೂನು ಬೆರೆತ ಸ್ನಾನದ ನೀರು ಮಾತ್ರ ಬೇಡ.

ಇದ್ದ ನೀರನ್ನು ಉಳಿಸುವ ಉಪಾಯವೇ ಮೂರನೆಯ ಅಂಶವಾದ ಹೊದಿಕೆ. ಗಿಡದ ಸುತ್ತ ಮೂರಂಗುಲ ದಪ್ಪಕ್ಕೆ ಒಣಗಿದ ಎಲೆ, ರಾಗಿಯ ಹುಲ್ಲು, ಭತ್ತದ ಹೊಟ್ಟು ಅಥವಾ ತೆಂಗಿನ ನಾರಿನ ಪುಡಿಯನ್ನು ಹರಡಬೇಕು. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟರೆ ಬುಡ ಕೊಳೆಯದು. ಫಾಲ್ಗುಣ ಚೈತ್ರಗಳಲ್ಲಿ ಹೊಂಗೆಯೂ ಬೇವೂ ತಾವಾಗಿಯೇ ಎಲೆಯುದುರಿಸಿ ನಮಗೆ ಈ ಸಾಮಗ್ರಿಯನ್ನು ಒದಗಿಸುತ್ತವೆ. ನಗರಗಳಲ್ಲಿ ಅದನ್ನು ಗುಡಿಸಿ ಬೆಂಕಿಯಿಡುವುದು ಅವಿವೇಕದ ಪದ್ಧತಿ. ಹೊದಿಕೆಯ ಕೆಳಗಣ ಮಣ್ಣನ್ನು ಮಧ್ಯಾಹ್ನದಲ್ಲಿ ಮುಟ್ಟಿ ನೋಡಿದರೆ ಅದರ ತಂಪು ಕೈಗೇ ತಿಳಿಯುತ್ತದೆ. ಗೆದ್ದಲಿರುವ ನೆಲದಲ್ಲಿ ಹೊದಿಕೆಯನ್ನು ಆಗಾಗ ಎತ್ತಿ ನೋಡಿ, ಬೇವಿನ ಹಿಂಡಿಯನ್ನು ಬೆರಸಬೇಕು. ಮಹಡಿಯ ಕುಂಡಗಳನ್ನು ಕಾದ ನೆಲದ ಮೇಲೆ ಇಡದೆ ಇಟ್ಟಿಗೆಗಳ ಮೇಲೆ, ಒಂದಕ್ಕೊಂದು ಒತ್ತಾಗಿ ಜೋಡಿಸಬೇಕು. ಬೆಳಗಿನ ಐದಾರು ಗಂಟೆಗಳ ಬಿಸಿಲು ಗುಲಾಬಿಗೆ ಬೇಕೇ ಬೇಕು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ನೆರಳು ಬಿದ್ದರೆ ಅದು ಉಪಕಾರವೇ.

ಗೊಬ್ಬರದ ವಿಷಯದಲ್ಲಿ ಮಿತವೇ ಹಿತ. ಸೊರಗಿದ ಗಿಡವನ್ನು ಕಂಡು ಒಂದು ಹಿಡಿ ರಾಸಾಯನಿಕ ಗೊಬ್ಬರವನ್ನು ಒಣಮಣ್ಣಿನ ಮೇಲೆ ಎರಚುವುದು, ಜ್ವರದಿಂದ ಮಲಗಿದವನಿಗೆ ಹೋಳಿಗೆಯೂಟ ಬಡಿಸಿದಂತೆ. ಉಪ್ಪಿನಂಶ ಹೆಚ್ಚಾಗಿ ಬೇರು ಸುಟ್ಟುಹೋಗುತ್ತದೆ. ಹಸುವಿನ ಸಗಣಿಯನ್ನೋ ಹೊಂಗೆಯ ಹಿಂಡಿಯನ್ನೋ ನಾಲ್ಕೈದು ದಿನ ನೀರಿನಲ್ಲಿ ಕೊಳೆಯಿಸಿ, ಸೋಸಿ, ತೆಳುವಾದ ಚಹದ ಬಣ್ಣ ಬರುವಷ್ಟು ನೀರು ಬೆರಸಿ, ಮೊದಲೇ ತೇವವಾಗಿರುವ ಮಣ್ಣಿಗೆ ಹದಿನೈದು ದಿನಗಳಿಗೊಮ್ಮೆ ಹಾಕಿದರೆ ಈ ಋತುವಿಗೆ ಸಾಕು. ಕೊಟ್ಟಿಗೆಯ ಗೊಬ್ಬರ, ಮೂಳೆಯ ಪುಡಿ ಮುಂತಾದ ಭಾರಿಯ ಊಟವನ್ನು ಅಕ್ಟೋಬರಿಗೆ ಮೀಸಲಿಡಬೇಕು. ಹೊಸದಾಗಿ ಕೊಂಡ ಗಿಡಗಳನ್ನೂ ಈಗ ನೆಲಕ್ಕೆ ಇಳಿಸಬಾರದು. ಅರೆನೆರಳಿನಲ್ಲಿ ಕಾಪಾಡಿಕೊಂಡು ಜೂನ್ ತಿಂಗಳ ಮಳೆ ಹಿಡಿದಮೇಲೆ ನೆಡಬೇಕು.

ಇನ್ನು ಶತ್ರುಗಳು. ತಂಪು ರಾತ್ರಿಗಳಲ್ಲಿ ಎಲೆಗಳ ಮೇಲೆ ಹಿಟ್ಟೆರಚಿದಂತೆ ಕಾಣುವ ಬೂದಿರೋಗವು ಸೆಕೆ ಏರಿದಂತೆ ತಾನಾಗಿ ತಗ್ಗುತ್ತದೆ. ಅದರ ಸ್ಥಾನಕ್ಕೆ ಕೆಂಪುನುಸಿ ಬರುತ್ತದೆ. ಸೆಕೆಯೂ ಒಣಗಾಳಿಯೂ ಈ ನುಸಿಗೆ ಬಲು ಪ್ರಿಯ. ಎಲೆಗಳು ಮಂಕಾಗಿ ಸಣ್ಣ ಚುಕ್ಕೆಗಳಿಂದ ತುಂಬಿದ್ದರೆ ಅವುಗಳ ಅಡಿಭಾಗವನ್ನು ತಿರುಗಿಸಿ ನೋಡಬೇಕು. ನವಿರಾದ ಬಲೆಯೂ ಚಲಿಸುವ ಕೆಂಪು ಧೂಳಿನಂತಹ ಜೀವಿಗಳೂ ಕಾಣುತ್ತವೆ. ಬೆಳಗಿನ ಹೊತ್ತು ಎಲೆಗಳ ಅಡಿಭಾಗಕ್ಕೆ ತಾಗುವಂತೆ ರಭಸವಾಗಿ ನೀರನ್ನು ಎರಚುವುದೇ ಇದಕ್ಕೆ ಮೊದಲ ಔಷಧ. ಅದು ಸಾಲದಿದ್ದರೆ ಬೇವಿನೆಣ್ಣೆಯನ್ನು ನೀರಿನಲ್ಲಿ ಚೆನ್ನಾಗಿ ಕದಡಿ ಸಂಜೆಯ ತಂಪಿನಲ್ಲಿ ಸಿಂಪಡಿಸಬೇಕು. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಸಿಕ್ಕಿದ ಕೀಟನಾಶಕವನ್ನೆಲ್ಲ ಹೊಡೆಯುವುದರಿಂದ ನುಸಿಯನ್ನು ತಿನ್ನುವ ಮಿತ್ರಕೀಟಗಳು ಸತ್ತು ನುಸಿ ಇಮ್ಮಡಿಯಾಗುತ್ತದೆಂಬುದನ್ನು ನೆನಪಿಡಬೇಕು.

ಏಪ್ರಿಲ್ ಕೊನೆಗೆ ಗುಡುಗು ಸಿಡಿಲುಗಳೊಡನೆ ಅಶ್ವಿನಿ, ಭರಣಿ ಮಳೆಗಳು ಬೀಳುತ್ತವೆ. ಭರಣಿಯ ಮಳೆ ಬಂದರೆ ಧರಣಿಗೆ ಬೆಳೆಯೆಂದು ನಮ್ಮ ರೈತರು ನಂಬುತ್ತಾರೆ. ಗುಲಾಬಿಯೂ ಈ ಮಳೆಗೆ ನಗುತ್ತದೆ. ಕೆಂಪು ಚಿಗುರುಗಳು ಒಂದು ವಾರದಲ್ಲಿ ಕಾಣಿಸಿಕೊಳ್ಳುತ್ತವೆ. ಆದರೆ ಇದೇ ಎಚ್ಚರದ ಕಾಲ. ಎಲೆಯ ಮೇಲೆ ತೇವವು ಏಳೆಂಟು ಗಂಟೆಗಳ ಕಾಲ ನಿಂತರೆ ಕಪ್ಪುಚುಕ್ಕೆರೋಗದ ಬೀಜಾಣುಗಳು ಮೊಳೆಯುತ್ತವೆ. ಸಂಜೆಯ ಮಳೆ ರಾತ್ರಿಯೆಲ್ಲ ಎಲೆಯನ್ನು ಒದ್ದೆಯಾಗಿಡುವುದರಿಂದ, ಉದುರಿದ ರೋಗದ ಎಲೆಗಳನ್ನು ಬೆಳಗಾಗುತ್ತಲೆ ಆರಿಸಿ ತೆಗೆಯಬೇಕು. ಮೊದಲ ಮಳೆಯೊಡನೆ ಮಣ್ಣಿನಿಂದ ಹೊರಡುವ ಕಂದುಬಣ್ಣದ ದುಂಬಿಗಳು ಕತ್ತಲಾದಮೇಲೆ ಬಂದು ಚಿಗುರೆಲೆಗಳನ್ನು ಜರಡಿಯಂತೆ ಮಾಡುತ್ತವೆ. ರಾತ್ರಿ ಎಂಟು ಗಂಟೆಗೆ ದೀಪ ಹಿಡಿದು ಹೋದರೆ ಅವನ್ನು ಕೈಯಿಂದಲೇ ಆರಿಸಿ ಸಾಬೂನಿನ ನೀರಿಗೆ ಹಾಕಬಹುದು. ಮನೆಯ ಮಕ್ಕಳು ಈ ಕೆಲಸವನ್ನು ಹಿರಿಯರಿಗಿಂತ ಉತ್ಸಾಹದಿಂದ ಮಾಡುತ್ತಾರೆ.

ಹೇಳಿದುದನ್ನೆಲ್ಲ ನೆನಪಿಟ್ಟುಕೊಳ್ಳಲು ಹೊಸ ಪಂಚಾಂಗವೇನೂ ಬೇಡ; ನಮ್ಮ ಹಬ್ಬಗಳೇ ಸಾಕು. ಆಯುಧಪೂಜೆಯ ದಿನ ತೋಟದ ಕತ್ತರಿಗೆ ಅರಿಸಿನ ಕುಂಕುಮವಿಟ್ಟು ಪೂಜಿಸಿರಿ. ಅಲ್ಲಿಂದ ದೀಪಾವಳಿಯೊಳಗೆ, ಮಳೆ ಬಿಡುವು ಕೊಟ್ಟ ದಿನ ನೋಡಿ, ಗಿಡವನ್ನು ಸವರಿರಿ. ಸಂಕ್ರಾಂತಿಯ ಸುಮಾರಿಗೆ ಹೂವನ್ನು ಕಣ್ತುಂಬ ನೋಡಿರಿ. ಯುಗಾದಿಯಂದು ಬೇವುಬೆಲ್ಲವನ್ನು ಸ್ವೀಕರಿಸಿದ ಮೇಲೆ ಗಿಡದ ಬುಡಕ್ಕೆ ಒಣಗಿದ ಎಲೆಯ ಹೊದಿಕೆಯನ್ನು ಹಾಸಿ, ಗಟ್ಟಿಯಾಗಿ ಸವರುವ ಯೋಚನೆಯನ್ನು ಮುಂದಿನ ಆಯುಧಪೂಜೆಯವರೆಗೆ ಬಿಟ್ಟುಬಿಡಿರಿ. ಭರಣಿಯ ಮಳೆಗೆ ಕಣ್ಣು ತೆರೆದಿರಿ.

ಪುಸ್ತಕಗಳನ್ನು ಓದಬಾರದೆಂದು ನಾವು ಹೇಳಿದಂತಾಗಬಾರದು. ಓದಿಯೇ ಬದುಕುವ ವೃತ್ತಿಯವರು ಹಾಗೆ ಹೇಳುವುದು ಸಲ್ಲದು. ಪುಸ್ತಕವು ಕಾರಣಗಳನ್ನು ತಿಳಿಸಿದಾಗ ಅದನ್ನು ಮನಸ್ಸಿಟ್ಟು ಕೇಳಬೇಕು; ತಿಂಗಳ ಹೆಸರನ್ನು ಹೇಳಿದಾಗ ಕಿಟಕಿಯಿಂದ ಒಮ್ಮೆ ಹೊರಗೆ ನೋಡಬೇಕು. ಗುಲಾಬಿಯ ಹೆಸರು ಪಾರಸೀಕದ್ದು, ರಕ್ತ ಚೀನಾದ್ದು, ಶಾಸ್ತ್ರ ಬಹುಮಟ್ಟಿಗೆ ಯೂರೋಪಿನದು. ಆದರೆ ಅದರ ಬೇರು ಇರುವುದು ನಮ್ಮ ಕೆಮ್ಮಣ್ಣಿನಲ್ಲಿ, ಅದರ ಮೇಲೆ ಕಾಯುವುದು ನಮ್ಮ ಚೈತ್ರದ ಬಿಸಿಲು. ಈ ವರ್ಷದ ವಸಂತದಲ್ಲಿ ನಿಮ್ಮ ಗಿಡವು ಹೂವನ್ನು ಕೊಡದಿದ್ದರೂ ಚಿಂತೆಯಿಲ್ಲ. ಹಸುರೆಲೆಯನ್ನು ಹೊತ್ತು ಜೂನ್ ತಿಂಗಳನ್ನು ಮುಟ್ಟಿದರೆ ನೀವು ಗೆದ್ದಂತೆಯೇ. ಆಗ ಕೈಗುಣ ಸರಿಯಿಲ್ಲವೆಂಬ ಮಾತು ನಿಮ್ಮ ಮನೆಯಲ್ಲಿ ಕೇಳಿಬರುವುದಿಲ್ಲ.